ಕಾರಿನ ಜೊತೆಗೇ ಬಂದ ಬ್ಯಾಟರಿ: ಎಷ್ಟು ವರ್ಷ ನಂಬಬಹುದು, ಯಾವಾಗ ಬದಲಿಸಬೇಕು

ಟೈರ್, ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್ ಮುಂತಾದವುಗಳ ಗುಣದೋಷಗಳ ಬಗ್ಗೆ ನಾವು ಸಾಕಷ್ಟು ಬರೆಯುತ್ತೇವೆ, ಓದುತ್ತೇವೆ. ಹೊಸ ಕಾರಿನ ಜೊತೆಗೆ ಕಾರ್ಖಾನೆಯಿಂದಲೇ ಬರುವ ಬ್ಯಾಟರಿಯ ಬಗ್ಗೆ ಮಾತ್ರ, ಅದನ್ನು ನಾವೇ ಆರಿಸಿ ಕೊಂಡದ್ದಲ್ಲ ಎಂಬ ಕಾರಣಕ್ಕೋ ಏನೋ, ಯಾರೂ ವಿಮರ್ಶೆ ಬರೆಯುವುದಿಲ್ಲ. ನನ್ನ ಮಾರುತಿ ಸುಜುಕಿ ವ್ಯಾಗನ್ ಆರ್ ಕಾರಿನ ಮೂಲ ಬ್ಯಾಟರಿಯನ್ನು, ಅದು ಐದು ವರ್ಷ ಪೂರೈಸಿ ಆರನೆಯ ವರ್ಷದಲ್ಲಿ ಇನ್ನೂ ಎಂಜಿನ್ ತಿರುಗಿಸುತ್ತಿದ್ದಾಗಲೇ, ಅಳತೆಗಳನ್ನು ನೋಡಿ ಬದಲಿಸಿದೆ. ಅಷ್ಟು ಕಾಲ ಒಂದು ದಿನವೂ ದಾರಿಯಲ್ಲಿ ನಿಲ್ಲಿಸದ ಆ ವಸ್ತುವಿಗೆ ಸಲ್ಲಬೇಕಾದ ವಿಮರ್ಶೆ ಇದು. ಜೊತೆಗೆ, ಬ್ಯಾಟರಿಯನ್ನು ವಯಸ್ಸು ನೋಡಿ ಬದಲಿಸುವುದೂ ಸರಿಯಲ್ಲ, ಅದು ಪೂರ್ತಿ ಸಾಯುವವರೆಗೆ ಕಾಯುವುದೂ ಸರಿಯಲ್ಲ, ಅಳೆದು ಬದಲಿಸಬೇಕು ಎಂಬ ನನ್ನ ನಿಲುವಿಗೆ ಕಾರಣಗಳನ್ನೂ ಇಲ್ಲಿ ವಿವರವಾಗಿ ಹೇಳಬಯಸುತ್ತೇನೆ.

ಬ್ಯಾಟರಿ ತಯಾರಿಸಿದ ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನಮ್ಮ ದೇಶದ ಕಾರು ಕಂಪನಿಗಳಿಗೆ ಎಕ್ಸೈಡ್ ಮತ್ತು ಅಮರಾನ್ ಬ್ಯಾಟರಿಗಳನ್ನು ತಯಾರಿಸುವ ಅಮರ ರಾಜ, ಇವೆರಡೂ ಬ್ಯಾಟರಿ ಪೂರೈಸುತ್ತವೆ. ಒಂದೇ ಮಾದರಿಯ ಎರಡು ಕಾರುಗಳಲ್ಲಿ ಬೇರೆ ಬೇರೆ ಹೆಸರಿನ ಬ್ಯಾಟರಿ ಇರಬಹುದು. ನನ್ನ ಕಾರಿನಲ್ಲಿದ್ದುದು 12 ವೋಲ್ಟ್, 35 ಎಎಚ್ (ಆಂಪಿಯರ್-ಅವರ್, ಅಂದರೆ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬುದರ ಅಳತೆ) ಸಾಮರ್ಥ್ಯದ, 38ಬಿ20ಎಲ್ ಎಂಬ ಗುರುತಿನ ಬ್ಯಾಟರಿ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹಳ ಸಾಮಾನ್ಯವಾಗಿ ಕಾಣುವ ಅಳತೆ ಇದು. ಆ ಗುರುತಿನಲ್ಲಿ 38 ಎಂಬುದು ಅದರ ಕಾರ್ಯಕ್ಷಮತೆಯ ದರ್ಜೆಯನ್ನೂ, ಬಿ ಎಂಬುದು ಪೆಟ್ಟಿಗೆಯ ಅಗಲ ಮತ್ತು ಎತ್ತರದ ವರ್ಗವನ್ನೂ, 20 ಎಂಬುದು ಸೆಂಟಿಮೀಟರುಗಳಲ್ಲಿ ಅದರ ಉದ್ದವನ್ನೂ, ಎಲ್ ಎಂಬುದು ಟರ್ಮಿನಲ್‌ಗಳು ಯಾವ ಕಡೆಗಿವೆ ಎಂಬುದನ್ನೂ ಸೂಚಿಸುತ್ತದೆ. ಬದಲಿಸುವಾಗ ಈ ಗುರುತು ಪೂರ್ತಿ ಹೊಂದಬೇಕು. ಟರ್ಮಿನಲ್‌ಗಳ ಕಡೆ ಅದಲುಬದಲಾದರೆ ಕಾರಿನ ಕೇಬಲ್ ತಲುಪುವುದೇ ಇಲ್ಲ, ಅಥವಾ ಎಳೆದು ಕಟ್ಟಬೇಕಾಗುತ್ತದೆ.

ಎಷ್ಟು ವರ್ಷ ಬಾಳುತ್ತದೆ ಎಂಬ ಪ್ರಶ್ನೆಗೆ ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ಕೊಡುವ ಉತ್ತರ ಮೂರರಿಂದ ಐದು ವರ್ಷ. ಉತ್ತರ ಸರಿಯಾದದ್ದೇ, ಆದರೆ ಮೂರಕ್ಕೂ ಐದಕ್ಕೂ ನಡುವಿನ ಅಂತರ ದೊಡ್ಡದು, ಮತ್ತು ಆ ಅಂತರವನ್ನು ನಿರ್ಧರಿಸುವುದು ಅದೃಷ್ಟವಲ್ಲ. ನನ್ನ ಕಾರು ಬೆಂಗಳೂರಿನಲ್ಲಿದೆ, ನೆರಳಿನಲ್ಲಿ ನಿಲ್ಲುತ್ತದೆ, ವಾರಕ್ಕೊಮ್ಮೆಯಾದರೂ ಊರಾಚೆಯ ರಸ್ತೆ ಕಾಣುತ್ತದೆ. ನನ್ನ ತಮ್ಮನದೂ ಅದೇ ಮಾದರಿಯ ಕಾರು. ಅದು ಕಲಬುರಗಿಯಲ್ಲಿ ಬಯಲಿನಲ್ಲೇ ನಿಲ್ಲುತ್ತದೆ, ಮನೆಯಿಂದ ಕಚೇರಿಗೆ ಸಣ್ಣ ದೂರ ಮಾತ್ರ ಓಡುತ್ತದೆ. ಅವನ ಮೂಲ ಬ್ಯಾಟರಿ ನಾಲ್ಕು ವರ್ಷ ತುಂಬುವ ಮೊದಲೇ ಮುಗಿಯಿತು. ಎರಡೇ ಕಾರುಗಳ ಅನುಭವದಿಂದ ಸಿದ್ಧಾಂತ ಕಟ್ಟಲಾಗದು ಎಂಬುದು ನಿಜ, ಆದರೆ ಈ ವ್ಯತ್ಯಾಸ ಬ್ಯಾಟರಿಯ ರಸಾಯನಶಾಸ್ತ್ರ ಹೇಳುವುದಕ್ಕೆ ಸರಿಯಾಗಿ ಹೊಂದುತ್ತದೆ.

ಕಾರಿನ ಸೀಸ-ಆಮ್ಲ ಬ್ಯಾಟರಿಯೊಳಗೆ ಸುಮಾರು 2.1 ವೋಲ್ಟ್‌ನ ಆರು ಕೋಶಗಳು ಸರಣಿಯಲ್ಲಿವೆ. ಪ್ರತಿ ಕೋಶದಲ್ಲಿ ಸೀಸದ ಫಲಕಗಳು ದುರ್ಬಲಗೊಳಿಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಇದನ್ನು ಮುಗಿಸುವ ದಾರಿಗಳು ಮುಖ್ಯವಾಗಿ ಎರಡು. ಒಂದು, ಬಿಸಿ. ತಾಪಮಾನ ಏರಿದಂತೆ ಧನ ಫಲಕಗಳ ಜಾಲರಿ ಸವೆಯುವ ವೇಗವೂ ನೀರು ಆವಿಯಾಗುವ ವೇಗವೂ ಏರುತ್ತವೆ. ಪ್ರತಿ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಳಕ್ಕೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕ್ಷೇತ್ರದವರು ಬಳಸುವ ಸ್ಥೂಲ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಬಾನೆಟ್‌ನೊಳಗಿನ ಬಿಸಿ ಅದಕ್ಕಿಂತಲೂ ಹೆಚ್ಚಿರುತ್ತದೆ ಎಂಬುದನ್ನು ನೆನೆದರೆ ತಮ್ಮನ ಬ್ಯಾಟರಿಯ ಪಾಡು ಅರ್ಥವಾಗುತ್ತದೆ. ಎರಡು, ಅರೆಬರೆ ಚಾರ್ಜ್. ವಿದ್ಯುತ್ ಖರ್ಚಾದಾಗ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಆದಾಗ ಕರಗುತ್ತದೆ. ಬ್ಯಾಟರಿಯನ್ನು ವಾರಗಟ್ಟಲೆ ಅರೆಹೊಟ್ಟೆಯಲ್ಲೇ ಇಟ್ಟರೆ ಆ ಸಲ್ಫೇಟ್ ಗಟ್ಟಿ ಹರಳಾಗಿ ಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ, ಸಾಮರ್ಥ್ಯ ಅಷ್ಟರಮಟ್ಟಿಗೆ ಶಾಶ್ವತವಾಗಿ ಕುಗ್ಗುತ್ತದೆ.

ಇಲ್ಲೊಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ಕಾರನ್ನು ಪದೇ ಪದೇ ಸ್ಟಾರ್ಟ್ ಮಾಡುವುದರಿಂದಲೇ ಬ್ಯಾಟರಿ ಬರಿದಾಗುತ್ತದೆ ಎಂದು ಹಲವರು ನಂಬಿದ್ದಾರೆ. ಸಣ್ಣ ಎಂಜಿನ್ನನ್ನು ಎಬ್ಬಿಸಲು ಸ್ಟಾರ್ಟರ್ ಮೋಟಾರ್ 150 ಆಂಪಿಯರ್‌ನಷ್ಟು ಪ್ರವಾಹ ಎಳೆದರೂ ಅದು ಒಂದೆರಡು ಸೆಕೆಂಡು ಮಾತ್ರ. ಒಟ್ಟು ಖರ್ಚು ಒಂದು ಎಎಚ್‌ನ ಹತ್ತನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ನಿಜವಾದ ಸೋರಿಕೆ ಇರುವುದು ಕಾರು ಸುಮ್ಮನೆ ನಿಂತಿರುವಾಗ. ಅಲಾರಂ, ಸೆಂಟ್ರಲ್ ಲಾಕ್, ಗಡಿಯಾರ, ಎಂಜಿನ್ ಕಂಪ್ಯೂಟರ್ ಇವೆಲ್ಲ ಸೇರಿ 30 ಮಿಲಿಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಂಡರೆ ದಿನಕ್ಕೆ 0.72 ಎಎಚ್ ಆಯಿತು. ಹತ್ತು ದಿನಕ್ಕೆ 7 ಎಎಚ್, ಅಂದರೆ 35 ಎಎಚ್ ಬ್ಯಾಟರಿಯ ಐದನೆಯ ಒಂದು ಭಾಗ. ಇದರ ಮೇಲೆ, ಕಾರು ನಿಂತಾಗಲೂ ಕೆಲಸ ಮಾಡುವ ಡ್ಯಾಶ್‌ಕ್ಯಾಮ್ ಅಥವಾ ಹೊರಗಿನಿಂದ ಹಾಕಿಸಿದ ಜಿಪಿಎಸ್ ಸಾಧನ ಇದ್ದರೆ ಲೆಕ್ಕ ಇನ್ನೂ ಬೇಗ ಬಿಗಡಾಯಿಸುತ್ತದೆ. 2020ರ ಲಾಕ್‌ಡೌನ್ ಮುಗಿದಾಗ ಅಷ್ಟೊಂದು ಕಾರುಗಳು ಏಳದೆ ಹೋದದ್ದರ ಕಾರಣ ಇದೇ. ಆಗ ಹಲವರು ದಿನಕ್ಕೆ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುತ್ತಿದ್ದರು. ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಸೀಸದ ಬ್ಯಾಟರಿ ಕೊನೆಯ ಶೇ 20ರಷ್ಟು ಚಾರ್ಜನ್ನು ಬಹಳ ನಿಧಾನವಾಗಿ ತೆಗೆದುಕೊಳ್ಳುತ್ತದೆ. ಅದು ತುಂಬಲು ಗಂಟೆಗಟ್ಟಲೆ ಸಮಯ ಬೇಕು. ಸಿಲ್ಕ್ ಬೋರ್ಡ್ ಕಡೆಯ ಸಂಚಾರದಲ್ಲಿ ಎಸಿ ಹಾಕಿಕೊಂಡು ಐಡ್ಲಿಂಗ್‌ನಲ್ಲಿ ನಿಂತ ಒಂದು ಗಂಟೆ, ಎಂಜಿನ್ ಬಲದಿಂದ ತಿರುಗಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ನಿಧಾನವಾಗಿ ತಿರುಗುವುದರಿಂದ, ತುಮಕೂರು ಹೆದ್ದಾರಿಯಲ್ಲಿ ಓಡಿದ ಅರ್ಧ ಗಂಟೆಗೂ ಸಮವಾಗದು.

ಹಾಗಾದರೆ ಬ್ಯಾಟರಿ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯುವುದು ಹೇಗೆ? ಇದಕ್ಕೆ ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಸಾಕು. ಕಾರನ್ನು ರಾತ್ರಿ ನಿಲ್ಲಿಸಿ, ಬೆಳಗ್ಗೆ ಏನನ್ನೂ ಆನ್ ಮಾಡುವ ಮೊದಲು ಟರ್ಮಿನಲ್‌ಗಳ ನಡುವಿನ ವೋಲ್ಟೇಜ್ ಅಳೆಯಬೇಕು. ಆಗಷ್ಟೇ ಓಡಿಸಿ ನಿಲ್ಲಿಸಿದ ಕಾರಿನಲ್ಲಿ ಅಳೆದರೆ ಮೇಲ್ಮೈಯಲ್ಲಿ ಉಳಿದಿರುವ ಚಾರ್ಜ್ ಸುಳ್ಳು ಹೇಳುತ್ತದೆ. ವಿಶ್ರಾಂತಿಯ ನಂತರ 12.6 ವೋಲ್ಟ್ ಅಥವಾ ಮೇಲಿದ್ದರೆ ಪೂರ್ತಿ ಚಾರ್ಜ್ ಇದೆ ಎಂದರ್ಥ, 12.4 ಅಂದರೆ ಸುಮಾರು ಮುಕ್ಕಾಲು, 12.2 ಅಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದು. ಮೀಟರ್ 10.5ರ ಆಸುಪಾಸು ತೋರಿಸಿ ಚಾರ್ಜ್ ಮಾಡಿದರೂ ಏರದಿದ್ದರೆ ಆರರಲ್ಲಿ ಒಂದು ಕೋಶ ಸತ್ತಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಯಾವ ಚಾರ್ಜರ್ ಕೂಡ ಬದುಕಿಸಲಾರದು.

ಆದರೆ ಈ ಒಂದೇ ಸಂಖ್ಯೆಯನ್ನು ನಂಬಿ ಕೂರಬಾರದು. ವಿಶ್ರಾಂತಿಯ ವೋಲ್ಟೇಜ್ ಎಷ್ಟು ತುಂಬಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಹಿಡಿಯುತ್ತದೆ ಎಂಬುದನ್ನಲ್ಲ. ಹೂಳು ತುಂಬಿದ ಕೆರೆಯೂ ಮಳೆಗಾಲದಲ್ಲಿ ಕೋಡಿ ಬೀಳುವಂತೆ, ಸವೆದ ಬ್ಯಾಟರಿಯೂ 12.6 ತೋರಿಸಬಹುದು. ಆದ್ದರಿಂದ ಎರಡನೆಯ ಅಳತೆ ಅಗತ್ಯ. ಒಬ್ಬರು ಕೀ ತಿರುಗಿಸುವಾಗ ಇನ್ನೊಬ್ಬರು ಮೀಟರ್ ನೋಡಬೇಕು. ಗಟ್ಟಿಯಾದ ಬ್ಯಾಟರಿಯಲ್ಲಿ ಸ್ಟಾರ್ಟರ್ ತಿರುಗುವಾಗಲೂ ವೋಲ್ಟೇಜ್ 10ಕ್ಕಿಂತ ಮೇಲೆಯೇ ನಿಲ್ಲುತ್ತದೆ; ಸ್ಟಾರ್ಟರ್ ಎಳೆತಕ್ಕೆ 9.6ಕ್ಕಿಂತ ಕೆಳಗಿಳಿದರೆ ಅನುಮಾನ ಪಡಬೇಕು. ಮೂರನೆಯದು, ಎಂಜಿನ್ ಓಡುತ್ತಿರುವಾಗಿನ ಅಳತೆ. ಅದು ಸಾಮಾನ್ಯವಾಗಿ 13.8ರಿಂದ 14.5ರ ಒಳಗಿರಬೇಕು. 13ರ ಕೆಳಗಿದ್ದರೆ ದೋಷ ಆಲ್ಟರ್ನೇಟರ್ ಅಥವಾ ಬೆಲ್ಟ್‌ನದು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಬೇಯಿಸುತ್ತಿದೆ ಎಂದರ್ಥ. ಇಂಥ ಕಾರಿಗೆ ಹೊಸ ಬ್ಯಾಟರಿ ಹಾಕಿದರೆ ಅದೂ ವರ್ಷದೊಳಗೆ ಹಾಳಾಗುತ್ತದೆ. ಬ್ಯಾಟರಿ ಕೊಳ್ಳಲು ಹೋದವರಿಗೆ ಅಂಗಡಿಯವರು ಈ ಮೂರನೆಯ ಅಳತೆಯನ್ನು ತೋರಿಸಿಯೇ ಮಾರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ದುರದೃಷ್ಟವಶಾತ್ ಎಲ್ಲರೂ ತೋರಿಸುವುದಿಲ್ಲ. ನಾನು ವಿಚಾರಿಸಿದ ಒಂದು ಅಂಗಡಿಯಲ್ಲಿ ಮೀಟರ್ ಹಚ್ಚದೆಯೇ, ಮೂರು ವರ್ಷ ಆಗಿದೆ ಎಂದೊಡನೆ, ಬದಲಿಸಿಬಿಡಿ ಎಂದರು. ಆ ಬ್ಯಾಟರಿ ಅದಾದ ಮೇಲೂ ಎರಡು ವರ್ಷಕ್ಕೂ ಹೆಚ್ಚು ಕಾಲ ದೋಷವಿಲ್ಲದೆ ದುಡಿಯಿತು.

ಬ್ಯಾಟರಿಯ ಮೇಲಿರುವ ಹಸಿರು ಕಣ್ಣಿನ ಬಗ್ಗೆಯೂ ಒಂದು ಮಾತು. ಆ ಸಣ್ಣ ಗಾಜಿನ ಕಿಂಡಿಯೊಳಗಿನ ಗುಂಡು ಒಂದು ಕೋಶದ ಆಮ್ಲದ ಸಾಂದ್ರತೆಯನ್ನು ಮಾತ್ರ ಸೂಚಿಸುತ್ತದೆ, ಉಳಿದ ಐದರ ಬಗ್ಗೆ ಅದಕ್ಕೆ ಏನೂ ತಿಳಿಯದು. ಹಸಿರು ಕಂಡರೆ ನೆಮ್ಮದಿ ಪಡಬಹುದು, ಪ್ರಮಾಣಪತ್ರವೆಂದು ತಿಳಿಯಬಾರದು. ಹಾಗೆಯೇ ಡ್ಯಾಶ್‌ಬೋರ್ಡಿನಲ್ಲಿ ಬೆಳಗುವ ಕೆಂಪು ಬ್ಯಾಟರಿ ಚಿಹ್ನೆ ಬ್ಯಾಟರಿಗೆ ವಯಸ್ಸಾಗಿದೆ ಎಂದು ಹೇಳುವುದಿಲ್ಲ. ಚಾರ್ಜ್ ಆಗುತ್ತಿಲ್ಲ ಎಂದು ಹೇಳುತ್ತದೆ. ಓಡಿಸುವಾಗ ಅದು ಹತ್ತಿಕೊಂಡರೆ ಎಸಿ, ಸ್ಟೀರಿಯೋ ಎಲ್ಲ ಆರಿಸಿ ಹತ್ತಿರದ ಗ್ಯಾರೇಜ್ ಸೇರಬೇಕು.

ನನ್ನ ಬ್ಯಾಟರಿಯ ನಡವಳಿಕೆ ಹೀಗಿತ್ತು. ಮೊದಲ ನಾಲ್ಕು ವರ್ಷ ಬೆಳಗಿನ ಅಳತೆ 12.6ರ ಆಚೀಚೆ ಕದಲಲಿಲ್ಲ. ಐದನೆಯ ವರ್ಷ ಅದು ನಿಧಾನವಾಗಿ 12.4ರ ಕಡೆಗೆ ಜಾರಿತು, ಉದ್ದದ ಪ್ರಯಾಣದ ನಂತರ ಮತ್ತೆ ಏರುತ್ತಿತ್ತು. ಆರನೆಯ ವರ್ಷದ ಚಳಿಗಾಲದಲ್ಲಿ ಸ್ಟಾರ್ಟರ್ ತಿರುಗುವ ಸದ್ದು ಒಂದು ಮಟ್ಟ ಇಳಿದಂತೆ ಕೇಳತೊಡಗಿತು, ಪೂರ್ತಿ ಚಾರ್ಜ್ ಇದ್ದಾಗಲೂ ಸ್ಟಾರ್ಟಿಂಗ್ ವೋಲ್ಟೇಜ್ 9.6ಕ್ಕೆ ಬಂದು ಮುಟ್ಟಿತು. ಬಿಸಿಲಿನಲ್ಲಿ ಸವೆದ ಬ್ಯಾಟರಿ ಚಳಿಯಲ್ಲಿ ಸಿಕ್ಕಿಬೀಳುವುದು ಸಹಜವೇ. ತಂಪಿನಲ್ಲಿ ಎಂಜಿನ್ ಆಯಿಲ್ ಮಂದವಾಗುತ್ತದೆ, ಬ್ಯಾಟರಿಯ ರಾಸಾಯನಿಕ ಕ್ರಿಯೆಯೂ ನಿಧಾನವಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಮುಂಜಾವಿನ 15 ಡಿಗ್ರಿಯೂ ಮುದಿ ಬ್ಯಾಟರಿಗೆ ಪರೀಕ್ಷೆಯೇ. ಅಧಿಕೃತ ಮಾರಾಟಗಾರರೊಬ್ಬರ ಬಳಿ ಎಲೆಕ್ಟ್ರಾನಿಕ್ ಪರೀಕ್ಷಾ ಯಂತ್ರ ಹಚ್ಚಿಸಿದಾಗಲೂ ಬದಲಿಸಬೇಕು ಎಂಬ ಫಲಿತಾಂಶವೇ ಬಂದಿತು. ಎರಡು ಬೇರೆ ಬೇರೆ ಅಳತೆಗಳು ಒಂದೇ ಮಾತು ಹೇಳಿದ ಮೇಲೆ ಇನ್ನೊಂದಷ್ಟು ತಿಂಗಳು ಎಳೆಯುವುದರಲ್ಲಿ ಅರ್ಥವಿರಲಿಲ್ಲ.

ಎಳೆಯುವುದರಿಂದ ಉಳಿಯುವ ಹಣಕ್ಕಿಂತ ಹೋಗುವುದೇ ಹೆಚ್ಚು ಎಂದು ನಾನು ಭಾವಿಸಲು ಕಾರಣವಿದೆ. ಹಿಂದಿನ ಕಾರ್ಬ್ಯುರೇಟರ್ ಕಾರುಗಳನ್ನು ನಾಲ್ಕು ಜನ ಸೇರಿ ತಳ್ಳಿದರೆ ಎದ್ದೇಳುತ್ತಿದ್ದವು. ಈಗಿನ ಫ್ಯೂಯೆಲ್ ಇಂಜೆಕ್ಷನ್ ಕಾರಿನಲ್ಲಿ ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ವಿದ್ಯುತ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿ ಪ್ರಯೋಜನವಿಲ್ಲ. ಆಟೋಮ್ಯಾಟಿಕ್ ಗೇರಿನ ಕಾರನ್ನಂತೂ ತಳ್ಳಿ ಸ್ಟಾರ್ಟ್ ಮಾಡಲು ಬರುವುದೇ ಇಲ್ಲ. ಜೊತೆಗೆ ಇಂಜೆಕ್ಷನ್ ಎಂಜಿನ್‌ಗಳು ಎರಡೇ ಸುತ್ತಿಗೆ ಎದ್ದುಬಿಡುವುದರಿಂದ ಬ್ಯಾಟರಿ ಸೊರಗುತ್ತಿರುವುದು ನಮ್ಮ ಕಿವಿಗೆ ಬೀಳುವುದು ತಡವಾಗಿ. ಶಿರಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿ ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿಕೊಂಡು ಹೋಗಿ ಚಹಾ ಕುಡಿಯಲು ನಿಲ್ಲಿಸಿದ ಕಾರು ಮತ್ತೆ ಏಳದೇ ಹೋದರೆ ಕುಟುಂಬದವರು ಪಡುವ ಪಾಡಿಗೆ ಬೆಲೆ ಕಟ್ಟಲಾಗದು.

ಹಾಗೆಂದು ಏಳದ ಪ್ರತಿ ಕಾರಿಗೂ ಹೊಸ ಬ್ಯಾಟರಿಯೇ ಮದ್ದಲ್ಲ. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿಯ ಊರುಗಳ ಉಪ್ಪು ತೇವದ ಗಾಳಿಗೆ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಬೇಗ ಕೂರುತ್ತದೆ. ಅದು ಪ್ರವಾಹವನ್ನು ತಡೆದು, ಬ್ಯಾಟರಿ ಚೆನ್ನಾಗಿದ್ದರೂ ಟಕ್ ಎಂಬ ಸದ್ದಷ್ಟೇ ಬರುವಂತೆ ಮಾಡುತ್ತದೆ. ಕಪ್ಪು ಕೇಬಲನ್ನು ಮೊದಲು, ಕೆಂಪನ್ನು ಆಮೇಲೆ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಟರ್ಮಿನಲ್ ಉಜ್ಜಿ, ಒಣಗಿಸಿ, ಕೆಂಪನ್ನು ಮೊದಲು ಕಪ್ಪನ್ನು ಕೊನೆಗೆ ಜೋಡಿಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಸಾಕಷ್ಟು ಬಾರಿ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಬೇಸಿಗೆಯಲ್ಲಿ ಆಮ್ಲದ ಮಟ್ಟ ನೋಡಿ, ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ನಲ್ಲಿ ನೀರಾಗಲಿ ಬೋರ್‌ವೆಲ್ ನೀರಾಗಲಿ ಬೇಡ, ಆಮ್ಲವಂತೂ ಬೇಡವೇ ಬೇಡ. ಈ ಕೆಲಸದ ಹೊತ್ತಿನಲ್ಲಿ ಬೆಂಕಿ, ಬೀಡಿ ಹತ್ತಿರ ಸುಳಿಯಬಾರದು, ಏಕೆಂದರೆ ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ.

ವಾರಂಟಿಯ ವಿಚಾರದಲ್ಲಿ ಮೂಲ ಬ್ಯಾಟರಿಗೆ ನಾನು ಪೂರ್ಣ ಅಂಕ ಕೊಡಲಾರೆ. ಕಾರಿನ ವಾರಂಟಿ ಬ್ಯಾಟರಿಗೂ ಅನ್ವಯಿಸುತ್ತದೆ ಎಂದುಕೊಳ್ಳುವವರು ಬಹಳ. ಮಾರುತಿ ಸುಜುಕಿಯೂ ಸೇರಿದಂತೆ ಅನೇಕ ಕಂಪನಿಗಳಲ್ಲಿ ಟೈರ್ ಮತ್ತು ಬ್ಯಾಟರಿಗಳ ಹೊಣೆ ಆಯಾ ತಯಾರಕರದು. ಹೊಸ ಕಾರು ಕೊಂಡ ದಿನವೇ ಬ್ಯಾಟರಿಯ ವಾರಂಟಿ ಕಾಗದವನ್ನು ಕೇಳಿ ಪಡೆದು, ಅದರಲ್ಲಿ ಬ್ಯಾಟರಿಯ ಕ್ರಮಸಂಖ್ಯೆ ಬರೆದಿದೆಯೇ ಎಂದು ನೋಡಬೇಕು. ಮಾರಾಟದ ಗಡಿಬಿಡಿಯಲ್ಲಿ ಇದನ್ನು ಯಾರೂ ತಾವಾಗಿ ವಿವರಿಸುವುದಿಲ್ಲ. ಹೊರಗೆ ಕೊಳ್ಳುವ ಬ್ಯಾಟರಿಗಳ ವಾರಂಟಿಯನ್ನು 24+24, 30+30 ಎಂಬಂತೆ ಎರಡು ಸಂಖ್ಯೆಗಳಲ್ಲಿ ಬರೆದಿರುತ್ತಾರೆ. ಮೊದಲ ಸಂಖ್ಯೆಯ ತಿಂಗಳುಗಳೊಳಗೆ ತಯಾರಿಕೆಯ ದೋಷ ಕಂಡರೆ ಉಚಿತವಾಗಿ ಬದಲಿಸಿ ಕೊಡುತ್ತಾರೆ. ಎರಡನೆಯ ಅವಧಿಯಲ್ಲಿ ಕಳೆದ ತಿಂಗಳುಗಳಿಗೆ ತಕ್ಕಂತೆ ಇಳಿಯುತ್ತ ಹೋಗುವ ರಿಯಾಯಿತಿ ಮಾತ್ರ ಸಿಗುತ್ತದೆ. 60 ತಿಂಗಳ ವಾರಂಟಿ ಎಂಬ ದೊಡ್ಡ ಅಕ್ಷರಗಳಿಗಿಂತ ಆ ಮೊದಲ ಸಂಖ್ಯೆಯನ್ನು ನೋಡಿ ಆರಿಸುವುದು ಜಾಣತನ.

ಕೊಳ್ಳುವಾಗ ನಾನು ಪಟ್ಟುಹಿಡಿದು ಕೇಳಿದ್ದು ತಯಾರಿಕೆಯ ತಿಂಗಳು. ಅಂಗಡಿಯ ಕಪಾಟಿನಲ್ಲಿ ಕುಳಿತ ಬ್ಯಾಟರಿಯೂ ತನ್ನಷ್ಟಕ್ಕೆ ತಾನೇ ಬರಿದಾಗುತ್ತಿರುತ್ತದೆ, ಬಿಸಿಯ ಜಾಗದಲ್ಲಿ ಇನ್ನೂ ಬೇಗ. ಆರು ತಿಂಗಳು ಚಾರ್ಜ್ ಕಾಣದೆ ಕುಳಿತದ್ದು ಹೊಸದೆಂಬ ಹೆಸರಿನಲ್ಲೇ ಸವೆದು ಬರುತ್ತದೆ. ಮೂಲ ಬ್ಯಾಟರಿ ಆಮೇಲೆ ಹಾಕಿಸಿದ್ದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ಜನ ಹೇಳುವುದರ ಹಿಂದೆ, ಅದು ಕಾರ್ಖಾನೆಯಿಂದ ತಾಜಾ ಬಂದು ನೇರವಾಗಿ ಹೊಸ ಕಾರಿನ ಆರೋಗ್ಯವಂತ ಆಲ್ಟರ್ನೇಟರಿಗೆ ಜೋಡಿಯಾಗುವುದೇ ಮುಖ್ಯ ಕಾರಣವಿರಬೇಕೆಂದು ನನಗೆ ತೋರುತ್ತದೆ. ಜೆ.ಸಿ. ರಸ್ತೆಯ ಅಂಗಡಿಯವರು ಬ್ಯಾಟರಿಯ ಮೇಲಿನ ಸಂಕೇತವನ್ನು ಓದಿ ತೋರಿಸಿ, ಎರಡು ತಿಂಗಳ ಹಿಂದಿನ ತಯಾರಿಕೆಯದ್ದನ್ನೇ ಒಳಗಿನಿಂದ ತಂದು ಕೊಟ್ಟರು, ಹಾಕುವ ಮೊದಲು ವೋಲ್ಟೇಜ್ ಅಳೆದು ತೋರಿಸಿದರು. ಹಳೆಯದನ್ನು ಕೊಟ್ಟ ಮೇಲೆ ಸುಮಾರು ನಾಲ್ಕೂವರೆ ಸಾವಿರ ರೂಪಾಯಿ ಆಯಿತು. ಅದೇ 38ಬಿ20ಎಲ್, ಅದೇ 35 ಎಎಚ್. ಹೆಚ್ಚು ಎಎಚ್ ಹಾಕಿಸಿ ಎಂಬ ಸಲಹೆಯೂ ಬಂದಿತ್ತು. ತಟ್ಟೆಗೆ ಸರಿಯಾಗಿ ಕೂರದೆ ಅಲುಗಾಡುವ ದೊಡ್ಡ ಬ್ಯಾಟರಿ ಕಂಪನದಿಂದಲೇ ಬೇಗ ಹಾಳಾಗುತ್ತದೆ, ಹಾಗಾಗಿ ಬೇಡವೆಂದೆ. ಸಿಗ್ನಲ್‌ನಲ್ಲಿ ತಾನಾಗಿ ಎಂಜಿನ್ ನಿಲ್ಲಿಸುವ ಸ್ಟಾರ್ಟ್-ಸ್ಟಾಪ್ ವ್ಯವಸ್ಥೆಯ ಕಾರಿನವರು ಇಲ್ಲಿ ಇನ್ನೂ ಎಚ್ಚರದಿಂದಿರಬೇಕು. ಅವುಗಳಲ್ಲಿ ಇಎಫ್‌ಬಿ ಅಥವಾ ಎಜಿಎಂ ಎಂಬ ವಿಶೇಷ ಬಗೆಯ ಬ್ಯಾಟರಿ ಇರುತ್ತದೆ. ಬೆಲೆ ಹೆಚ್ಚೆಂದು ಸಾಮಾನ್ಯದ್ದನ್ನು ಹಾಕಿಸಿದರೆ ಅದು ಆ ದುಡಿಮೆಯನ್ನು ತಾಳುವುದಿಲ್ಲ.

ಹಳೆಯ ಬ್ಯಾಟರಿಯನ್ನು ಅಂಗಡಿಗೇ ಒಪ್ಪಿಸಿ, ಗುಜರಿಯವರಿಗೆ ಕೊಡಬೇಡಿ. ಅದರಲ್ಲಿ ಕಿಲೋಗಟ್ಟಲೆ ಸೀಸವಿದೆ. ಊರ ಹೊರಗಿನ ಯಾವುದೋ ಶೆಡ್ಡಿನಲ್ಲಿ ಅದನ್ನು ಒಡೆದು ಕರಗಿಸಿದರೆ ಆ ಸೀಸ ಸುತ್ತಲಿನ ಮಣ್ಣಿಗೂ ಮಕ್ಕಳ ರಕ್ತಕ್ಕೂ ಸೇರುತ್ತದೆ. 2001ರ ನಿಯಮಗಳಿಂದ ಹಿಡಿದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳವರೆಗೆ, ಬಳಸಿದ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕೆಂಬುದು ಕಾನೂನಿನ ಉದ್ದೇಶ. ವಿನಿಮಯಕ್ಕೆ ಅಂಗಡಿಯವರು ಕಳೆದ ಮೊತ್ತವನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಸಿಕೊಂಡೆ.

ಒಟ್ಟಿನಲ್ಲಿ ಮೂಲ ಬ್ಯಾಟರಿಗೆ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ವಾರಂಟಿಯ ಅಸ್ಪಷ್ಟತೆಗೆ. ಬೆಂಗಳೂರು, ಮೈಸೂರು, ಹಾಸನದಂಥ ಹದವಾದ ಹವೆಯ ಊರಿನವರು ನಾಲ್ಕನೆಯ ವರ್ಷದಿಂದ, ಕಲ್ಯಾಣ ಕರ್ನಾಟಕದ ಬಿಸಿಲಿನವರು ಎರಡು ವರ್ಷ ತುಂಬಿದೊಡನೆ, ಪ್ರತಿ ಸರ್ವಿಸಿನಲ್ಲಿ ಬ್ಯಾಟರಿ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಂಡು, ಅಂಕಿಗಳನ್ನು ಸರ್ವಿಸ್ ಪುಸ್ತಕದಲ್ಲೇ ಬರೆಸಿಟ್ಟುಕೊಳ್ಳಬೇಕು. ನನ್ನ ಹೊಸ ಬ್ಯಾಟರಿಯ ಮೊದಲ ಬೆಳಗಿನ ಅಳತೆ 12.7 ವೋಲ್ಟ್, ಸ್ಟಾರ್ಟ್ ಆಗುವಾಗ 10.6, ಎಂಜಿನ್ ಓಡುವಾಗ 14.2, ಮೂರನ್ನೂ ದಿನಾಂಕದೊಡನೆ ವಾರಂಟಿ ಕಾರ್ಡಿನ ಹಿಂಬದಿಯಲ್ಲಿ ಬರೆದಿದ್ದೇನೆ.